ನೆತ್ತಿಯಿಲ್ಲದ ಮನೆ

ತೋಫೂ, ಬಿಸಿಬಿಸಿ ತೋಫೂ, ಬಾಣಲೆಯಿಂದ ಸೀದಾ ಬಾಯಿಗೆ — ಬಂತಪ್ಪ, ರೆಕಾರ್ಡ್ ಮಾಡಿ ಕೊಟ್ಟ ತನ್ನದೇ ಧ್ವನಿ, ಬೀದಿ ತುದಿಯಿಂದ ತನ್ನನ್ನೇ ಹುಡುಕಿಕೊಂಡು ಬರುತ್ತಿದೆ, ವ್ಯಾನಿನ ಬ್ಯಾಟರಿ ಇಳಿದಿರಬೇಕು, ಎಳೆದೂ ಎಳೆದೂ ಖಳನಾಯಕನ ಬೆದರಿಕೆಯ ಹಾಗೆ ಕೇಳುತ್ತಿದೆ, ತೋ-ಓ-ಫೂ, ಎಲ್ಲಿಗೆ ಓಡ್ತೀಯಾ, ಊರಿಗೆಲ್ಲ ಬಾಗಿಲು ಒಂದೇ — ವೆನಿಂಗ್‌ಗೆ ನಗು ಬಂತು, ನಗಬಾರದು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದಾಳೆ, ಮನೆಯ ಯಜಮಾನರು ಹೀಗೇ ಕೂರಬೇಕಂತೆ, ಮೊಲೊ ಮೇಲೇರುವ ತನಕ ಏಳಬಾರದು, ಕತ್ತು ಹೊರಳಿಸಬಾರದು, ಹಿಹ್ಹಿ ಅನ್ನಬಾರದು, ಇದನ್ನೆಲ್ಲ ಹೇಳಿದ್ದು ಬಡಗಿ ಪಾಕ್ ಗಿಮಿನ್, ಇಲ್ಲಿ ಹಿರಿಯ ಗಂಡಸರೆಲ್ಲ ಪಾಕ್, ಹೆಂಗಸರೆಲ್ಲ ಬು, ಹೇಳುವಾಗ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅವಳ ಮೂಗಿನ ನೇರಕ್ಕೆ ಹಿಡಿದಿದ್ದರು, ನೀನಂತೂ ನಗಲೇಬೇಡಮ್ಮ, ನಿನ್ನನ್ನ ಚಿಕ್ಕೋಳಿದ್ದಾಗಿಂದ ನೋಡಿದೀನಿ. ಯಜಮಾನಿ. ಪದ ಚೆನ್ನಾಗಿದೆ, ಬೆಳ್ಳಿ ಕೂದಲು ಕಟ್ಟಿಕೊಂಡು ಮೆಟ್ಟಿಲಿಳಿದು ಬರುವ ಅಮ್ಮನ ಪಾತ್ರಕ್ಕೆ ಒಪ್ಪುತ್ತದೆ, ಇವಳಿಗಲ್ಲ, ಇವಳು ಯಜಮಾನಿ ಆದದ್ದು ಉಳಿದವರು ಯಾರೂ ಇಲ್ಲ ಅನ್ನುವ ಕಾರಣಕ್ಕೆ, ಕುರ್ಚಿ ಖಾಲಿಯಿತ್ತು, ಕೂತಳು ಅಷ್ಟೆ. ಎದುರಿಗೆ ನೆಲದ ಮೇಲೆ ಆ ತುದಿಗೊಂದು ಈ ತುದಿಗೊಂದು ಮಣೆ ಕೊಟ್ಟು ಮಲಗಿಸಿದ ತೇಗದ ತೊಲೆ, ನಡುವಿಗೆ ಕೆಂಪು ಬಿಳಿ ಬಟ್ಟೆ ಸುತ್ತಿ, ಭತ್ತದ ತೆನೆ ಕಟ್ಟಿ, ಬಾಳೆಗೊನೆ, ಕಬ್ಬು, ತೆಂಗಿನಕಾಯಿ ತೂಗುಬಿಟ್ಟು ಮದುಮಗನ ಹಾಗೆ ಸಿಂಗರಿಸಿದ್ದಾರೆ, ಅದೇ ಮೊಲೊ, ಎರಡು ಇಳಿಜಾರು ಮಾಡು ಬಂದು ಕೂಡುವ ಕಡೆ, ಮನೆಯ ನೆತ್ತಿಯಲ್ಲಿ ಕೂರುವ ತೊಲೆ, ಎಲ್ಲರ ಮನೆಗೂ ಇರುತ್ತದೆ, ಕೋಳಿಗೂಡಿಗೂ ಇರುತ್ತದೆ, ಈ ಮನೆಗೆ ಮಾತ್ರ ಕಟ್ಟಿದಾಗಿನಿಂದಲೂ ಇಲ್ಲ, ಇವತ್ತು ಇಡುತ್ತಾರೆ. ಮೇಲೆ ತೊಲೆಗಳ ಮೇಲೆ ಮೂವರು ಆಳುಗಳು ಹಗ್ಗ ಹಿಡಿದು ಕೂತಿದ್ದಾರೆ, ಬಾಗಿಲ ತುಂಬ ನೆರೆಹೊರೆಯವರು, ಮೂಲೆಯಲ್ಲಿ ಬಾಳೆಲೆಯ ಮೇಲೆ ಗೋಪುರದ ಹಾಗೆ ಒಟ್ಟಿದ ಅರಿಶಿನದ ಅನ್ನ, ಅದರ ಪಕ್ಕ ಇಡೀ ಕೋಳಿ ಕೈಮುಗಿದ ಭಂಗಿಯಲ್ಲಿ ಬೆಂದು ಕೂತಿದೆ, ಮಸೀದಿಯ ಮೋದಿನ್ ಸಾಹೇಬರು ಪ್ರಾರ್ಥನೆ ಶುರು ಮಾಡಿದ್ದಾರೆ, ಅದು ಮುಗಿದು ಎಲ್ಲರೂ ಆಮೀನ್ ಅಂದಮೇಲೆ ಯಜಮಾನಿ ಒಂದೇ ಒಂದು ಮಾತು ಹೇಳಬೇಕು, ಏರಲಿ. ಅಷ್ಟೇ ಡೈಲಾಗು. ಅಷ್ಟು ಹೇಳಿದರೆ ತೊಲೆ ಏರುತ್ತದೆ, ಅದರ ಮೇಲೆ ಹೆಂಚು ಕೂತು ಮಾಡಿನ ಸಂದು ಮುಚ್ಚುತ್ತದೆ, ನಾಳೆಯೇ ಮದುವೆಯಾಗಲಿರುವ ಪಂಜಿಯ ಅಮ್ಮ ನಿಶ್ಚಿತಾರ್ಥದ ತಟ್ಟೆ ಹಿಡಿದು ಬರುತ್ತಾರೆ, ಅವಳು ಒಬ್ಬಳೇ ಊಟ ಮಾಡುವುದು ನಿಲ್ಲುತ್ತದೆ.

ವ್ಯಾನು ಮನೆಮುಂದೆ ನಿಂತಿತು, ನಿಲ್ಲದೆ ಏನು, ಎಲ್ಲವೂ ಇಲ್ಲೇ ನಿಲ್ಲುತ್ತವೆ, ಮಿರಿಂಗ್ ಹತ್ರ ಇಳಿಸಿ ಪಾಕ್, ಮಿರಿಂಗ್ ದಾಟಿ ಎಡಕ್ಕೆ ಹೋಗಿ, ಮಿರಿಂಗ್ ಎದುರಿನ ಗಾಡೀಲಿ ಸೋತೊ ಸಾರು ಕುಡೀಬೇಕು ಕಣೋ — ಮಿರಿಂಗ್ ಅಂದರೆ ವಾಲಿದ್ದು, ಈ ಮನೆಗೆ ಜನ ಇಟ್ಟ ಹೆಸರು, ಮಲಾಂಗ್ ಊರಿನ ಈ ಅಂಚಿಗೆ ನಗರಸಭೆಯವರು ಹಲಗೆ ಮೇಲೆ ಏನೋ ಹೂವಿನ ಹೆಸರು ಬರೆದಿದ್ದಾರೆ, ಓದಿದವರಿಲ್ಲ, ಅಂಚೆಯವನಿಗೂ ಮಿರಿಂಗ್, ಅಂಬುಲೆನ್ಸಿಗೂ ಮಿರಿಂಗ್, ಶಾಲೆಯಲ್ಲಿ ನಿನ್ ಮನೆ ಎಲ್ಲೇ ಅಂತ ಕೇಳಿದಾಗ ಇವಳು ಎದೆಯುಬ್ಬಿಸಿ ಮಿರಿಂಗ್ ಅಂದರೆ ಹುಡುಗಿಯರು ಬಾಯಿ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು, ಅಯ್ಯೋ ಅದು ಬೀಳಲ್ವೇನೇ, ಬೀಳುತ್ತೆ, ಶುಕ್ರವಾರ ಬೀಳುತ್ತೆ, ಮ್ಯಾಟ್ನಿ ಶೋ, ಮುಂದಿನ ಸಾಲು ಖಾಲಿ ಇದೆ, ಬೇಗ ಟಿಕೆಟ್ ತಗೊ. ಮುಂಭಾಗದ ಗೋಡೆಗೆ ಐದು ಮೂಲೆ, ಕೆಳಗೆ ಕಿರಿದು, ಮೇಲಕ್ಕೆ ಹೋಗುತ್ತ ಅಗಲ, ಬೀದಿಯ ಕಡೆಗೆ ಹಣೆ ಚಾಚಿ ನಿಂತದ್ದು, ಜಗಲಿಯ ಮೇಲೆ ಅಲೆಯ ಹಾಗೆ ಬಾಗಿದ ಕಾಂಕ್ರೀಟಿನ ಚಪ್ಪರ, ಅದನ್ನು ಹೊತ್ತ ಕಬ್ಬಿಣದ ಕೊಳವೆಗಳು ಕೊಕ್ಕರೆ ಕಾಲಿನಷ್ಟು ತೆಳು, ಕೆಳಗೆ ಎರಡೆರಡು ಕೂಡಿ ಮೇಲೆ ಅಗಲಿ ನಿಂತವು, ಕಿಟಕಿಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ, ಒಂದು ಚೌಕ, ಒಂದು ಸೊಟ್ಟ, ಒಂದಕ್ಕೆ ಕಟ್ಟಿದವರಿಗೇ ಹೆಸರು ಗೊತ್ತಿಲ್ಲ, ನೆಲದ ತುಂಬ ಒಡೆದ ಬಾಟಲಿಯ ಹಸಿರು ಚೂರು, ಕಂದು ಚೂರು ಹಾಕಿ ಉಜ್ಜಿ ನುಣುಪು ಮಾಡಿದ ಹೊಳಪು. ಕಟ್ಟಿದ್ದು ಅಜ್ಜ, ಅಮ್ಮನ ಅಪ್ಪ, ಎಯಾಂಗ್ ವೊಂಗ್ಸೊ, ಡಚ್ಚರ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡುತ್ತಿದ್ದವರು, ಡಚ್ಚರನ್ನು ಹಡಗು ಹತ್ತಿಸಿ ಕಳಿಸಿದ ವರ್ಷ ಈ ತೋಟದ ಜಾಗ ತೆಗೆದುಕೊಂಡರು, ಆಗ ಇಲ್ಲಿ ಊರೇ ಇರಲಿಲ್ಲ, ಕಸಾವೆ ಗೆಡ್ಡೆಯ ಹೊಲ, ಆಚೆ ಕಾವಿ ಅನ್ನುವ ಬೆಟ್ಟ. ಮುದುಕ ಇವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ, ಲವಂಗದ ಸಿಗರೇಟಿನ ವಾಸನೆಯ ಸಮೇತ ಇದೆ, ಅಷ್ಟು ವರ್ಷ ಆ ದೊರೆಗಳ ಮೇಜಿನ ಮುಂದೆ ನಿಂತು ನೆಟ್ಟಗೆ ಗೆರೆ ಎಳ್ದೆ ಮಗಾ, ಒಂದೆಳೆ ಓರೆ ಹೋದ್ರೂ ಹಾಳೆ ಮುದ್ದೆ ಮಾಡಿ ಮುಖಕ್ಕೆಸೀತಿದ್ರು, ಅವ್ರು ಹೋದ್ಮೇಲೆ ಒಂದಿನ ನನಗೋಸ್ಕರ ಪೆನ್ಸಿಲ್ ಹಿಡ್ದೆ ನೋಡು, ಕೈ ತಾನಾಗೇ ಓರೆ ಹೋಯ್ತು, ತಡೀಲಿಲ್ಲ ನಾನು, ಹೋಗು ಅಂದೆ. ಹೋಗು ಅಂದೆ — ಎಂಥ ಡೈಲಾಗು, ಹಿನ್ನೆಲೆ ಸಂಗೀತ ಇಲ್ಲದೆಯೇ ಮೈ ಜುಮ್ಮೆನ್ನುತ್ತದೆ, ಅದನ್ನು ಹೇಳಿ ಮುದುಕ ಕೆಮ್ಮುತ್ತಿದ್ದ, ಕೆಮ್ಮು ಕೂಡ ಓರೆ.

ಆ ಕೈ ಮಾಡಿಗೂ ಹೋಯಿತು. ಎರಡು ಇಳಿಜಾರು ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಒಂದನ್ನೊಂದು ಮುಟ್ಟುವುದಿಲ್ಲ, ದಕ್ಷಿಣದ್ದು ಎತ್ತರಕ್ಕೆ ಏರಿ ಮುಂದಕ್ಕೆ ಚಾಚಿ ನಿಂತಿದೆ, ಉತ್ತರದ್ದು ಅದರ ಕೆಳಗೇ ಮುಗಿದುಹೋಗಿದೆ, ನಡುವೆ ಈ ಗೋಡೆಯಿಂದ ಆ ಗೋಡೆಯವರೆಗೆ ಉದ್ದಕ್ಕೂ ಸಂದು, ಬೆಕ್ಕು ಧಾರಾಳವಾಗಿ ನಡೆದುಹೋಗುವಷ್ಟು, ಮಳೆ ಒಳಗೆ ಬರುವುದಿಲ್ಲ, ಗಾಳಿ ಬರುತ್ತದೆ, ಗುಬ್ಬಿ ಬರುತ್ತದೆ, ಬೆಳಕು ಬರುತ್ತದೆ. ಕೂಡುವುದೇ ಇಲ್ಲ ಅಂದಮೇಲೆ ನೆತ್ತಿ ಎಲ್ಲಿ, ಮೊಲೊ ಎಲ್ಲಿಡುವುದು. ಆಗಿನ ಬಡಗಿ ಈ ಪಾಕ್ ಗಿಮಿನ್ ಅವರ ಅಪ್ಪ, ಭತ್ತದ ತೆನೆ, ಬಾಳೆಗೊನೆ ಎಲ್ಲ ಹೊತ್ತು ಬಂದು ಏಣಿ ಹತ್ತಿ ಮೇಲೆ ನೋಡಿದರಂತೆ, ಕೆಳಗಿಳಿದರಂತೆ, ಮತ್ತೆ ಹತ್ತಿದರಂತೆ, ಕಟ್ಟೋದೆಲ್ಲಿ ಸ್ವಾಮಿ ಅಂತ ಕೇಳಿದ್ದಕ್ಕೆ ಅಜ್ಜ ಸೂರ್ಯನಿಗೆ ಕಟ್ಟು ಅಂದರಂತೆ, ಬಡಗಿ ಗೊನೆಯನ್ನು ಜಗಲಿಯ ಚಪ್ಪರದ ತುದಿಗೆ ನೇತುಹಾಕಿ ಹಿಂತಿರುಗಿ ನೋಡದೆ ಹೋದರಂತೆ, ಹಣ್ಣನ್ನು ದಾರಿಹೋಕರು ತಿಂದರು, ಇದು ಅಜ್ಜನ ಕಥೆ. ನೆರೆಯ ಬು ಲಸ್ಮಿಯ ಕಥೆಯಲ್ಲಿ ಬಡಗಿ ಹೋಗುವಾಗ ಒಂದು ಮಾತು ಆಡಿದ್ದ, ತಲೆಯಿಲ್ಲದ ಮನೆ, ಇಲ್ಲಿ ತಲೆ ಆದೋರು ನಿಲ್ಲಲ್ಲ. ಅವರೇನು ಸುಳ್ಳು ಹೇಳಲಿಲ್ಲ ಅನ್ನುತ್ತಾರೆ ಜನ, ಬೆರಳು ಮಡಚುತ್ತಾರೆ, ಅಜ್ಜಿ ತವರಿಗೆ ಹೋದವಳು ಬರಲಿಲ್ಲ, ಇವಳ ಅಪ್ಪ ಕಡಲಾಚೆಯ ಕಾಲಿಮಂತಾನ್‌ಗೆ ಮರದ ಕೆಲಸಕ್ಕೆ ಹೋಗಿ ಅಲ್ಲೇ ಇನ್ನೊಂದು ಮನೆ ಮಾಡಿಕೊಂಡ, ಆ ಮನೆಗೆ ಮೊಲೊ ಇರಬೇಕು, ಒಳ್ಳೆ ಗಟ್ಟಿ ಮೊಲೊ, ಯಾಕಂದರೆ ಅಲ್ಲಿಂದ ಅಲ್ಲಾಡಿಲ್ಲ. ಚಿಕ್ಕವಳಿದ್ದಾಗ ಇವಳು ಮಾಡಿನ ಮೇಲೆ ಹತ್ತಿ ಆ ಸಂದಿಗೆ ಬಾಯಿಟ್ಟು ದೆವ್ವದ ಧ್ವನಿ ತೆಗೆಯುತ್ತಿದ್ದಳು, ನನ್ನ ತಲೆ ಎಲ್ಲೀ, ನನ್ನ ತಲೆ ಕೊಡೀ, ಒಳಗೆ ಹರಟೆ ಹೊಡೆಯಲು ಬಂದಿದ್ದ ಬು ಲಸ್ಮಿ ಚಹಾದ ಲೋಟ ಅಲ್ಲೇ ಬಿಟ್ಟು ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದ್ದರು, ಮಾರನೇ ದಿನ ಅಮ್ಮನ ಹತ್ತಿರ ಬಂದು ಕೂಗಿದ್ದರು, ಆ ಮುಂಡೇದನ್ನ ನನ್ ಕೈಗೆ ಕೊಡಿ ಬು, ಕಿವಿ ಹಿಂಡಿ ತಲೆ ಎಲ್ಲಿದೆ ಅಂತ ತೋರಿಸ್ತೀನಿ. ಈಗ ಬಾಗಿಲಲ್ಲಿ ನಿಂತಿದ್ದಾರೆ ಅದೇ ಬು ಲಸ್ಮಿ, ಅಂಗೈ ಮೇಲೆತ್ತಿ ಆಮೀನ್ ಅನ್ನುತ್ತ ಇವಳ ಕಡೆಗೇ ಕಣ್ಣು. ಸಿನಿಮಾದವರು ಬೇರೆ ಬರುತ್ತಿದ್ದರು, ಊರೂರು ತಿರುಗಿ ಪರದೆ ಕಟ್ಟಿ ತೋರಿಸುವವರು, ಇಲ್ಲಿಗೆ ಬಂದರೆ ಪರದೆಯೇ ಬೇಡ, ಮಿರಿಂಗ್‌ನ ಬಿಳಿ ಗೋಡೆ ಇದೆಯಲ್ಲ, ಗೋಡೆ ವಾಲಿದ್ದಕ್ಕೆ ನಾಯಕನ ತಲೆ ಕಲ್ಲಂಗಡಿಯಷ್ಟು, ಕಾಲು ಕಡ್ಡಿ, ಜನ ಹೊರಗೆ ಬೀದಿಯಲ್ಲಿ ಕಡಲೆ ತಿನ್ನುತ್ತ ನೋಡುವರು, ಅಮ್ಮ ಮಾತ್ರ ಚಳಿ ಅಂತ ಇವಳನ್ನು ಹೊರಗೆ ಬಿಡುತ್ತಿರಲಿಲ್ಲ, ಇವಳು ಗೋಡೆಯ ಈಚೆ ಬದಿಗೆ ಕಿವಿಯಿಟ್ಟು ಕೂತು ಬರೀ ಮಾತು ಕೇಳುವಳು, ಯಾರು ಯಾರಿಗೆ ಹೊಡೆದರು, ಯಾರು ಯಾರನ್ನು ತಬ್ಬಿಕೊಂಡರು ಗೊತ್ತಿಲ್ಲ, ಮಾತು ಮಾತ್ರ ಬಾಯಿಪಾಠ, ಹಾಗೇ ಅಂಟಿಕೊಂಡದ್ದು ಈ ಚಾಳಿ, ತನ್ನದು ಅಂತ ಒಂದು ಮಾತು ಹುಡುಕಿದರೆ ಬಾಯಿಗೆ ಬರುವುದೆಲ್ಲ ಗೋಡೆಯ ಆಚೆಯವರದು.

ಪಂಜಿ ಎಲ್ಲಿ, ಕಣ್ಣ ತುದಿಯಲ್ಲಿ ಅವನ ಬಾಟಿಕ್ ಅಂಗಿಯ ತೋಳಷ್ಟೇ ಕಾಣುತ್ತದೆ, ಇಸ್ತ್ರಿ ಮಾಡಿ ಹಾಕಿಕೊಂಡಿದ್ದಾನೆ ಪಾಪ, ಮಡಿಕೆ ಹಲಗೆಯಂತೆ ನಿಂತಿದೆ. ವ್ಯಾನುಗಳಿಗೆ ಲೌಡ್‌ಸ್ಪೀಕರ್ ಕೂರಿಸುವುದು ಅವನ ಕೆಲಸ, ತೋಫು ಮಾರುವವರಿಗೆ ಹೆಣ್ಣು ಧ್ವನಿ ಬೇಕು ಅಂತ ಹುಡುಕಿಕೊಂಡು ಬಂದವನು, ಇವಳು ಒಂದೇ ಉಸಿರಿಗೆ ಅಜ್ಜಿಯ ಧ್ವನಿ, ವೈಯಾರಿಯ ಧ್ವನಿ, ಪೊಲೀಸಿನವನ ಧ್ವನಿ ಮೂರರಲ್ಲೂ ತೋಫು ಮಾರಿ ತೋರಿಸಿದಳು, ಅವನು ಕೇಳಿದ, ನಿಮ್ಮ ಸ್ವಂತದ್ದು ಯಾವುದು. ಸ್ಟಾಕ್ ಇಲ್ಲ ಸಾಮ್, ನಾಳೆ ಬನ್ನಿ. ಮಸ್ ಅನ್ನುವುದನ್ನು ತಿರುಗಿಸಿ ಸಾಮ್ ಅನ್ನುವುದು ಮಲಾಂಗ್‌ನವರ ಚಟ, ಅಣ್ಣಾ ಅನ್ನುವ ಗೌರವಕ್ಕೂ ಒಂದು ಚಿವುಟು. ಅವನು ನಿಜವಾಗಿಯೂ ನಾಳೆ ಬಂದ, ನಾಡಿದ್ದೂ ಬಂದ, ಬಂದಾಗಲೆಲ್ಲ ಏನಾದರೂ ರಿಪೇರಿ ಮಾಡುತ್ತಿದ್ದ, ನಲ್ಲಿ, ಸ್ವಿಚ್ಚು, ಬಾಗಿಲ ಚಿಲಕ, ಇನ್ನೇನೂ ಕೆಟ್ಟಿಲ್ಲ ಅಂದಾಗ ಇವಳೇ ಒಂದೆರಡು ಕೆಡಿಸಿ ಇಟ್ಟಳು. ಅಮ್ಮ ಹೋದಮೇಲೆ ಈ ಮನೆಯಲ್ಲಿ ಇನ್ನೊಬ್ಬರ ಚಪ್ಪಲಿ ಬಾಗಿಲಲ್ಲಿ ಕಂಡದ್ದು ಆಗಲೇ, ಎಷ್ಟು ಚೆನ್ನಾಗಿತ್ತು ಆ ಚಪ್ಪಲಿ, ಹಿಮ್ಮಡಿ ಸವೆದ ದೊಡ್ಡ ಚಪ್ಪಲಿ, ಅದರ ಪಕ್ಕ ತನ್ನದನ್ನು ಸರಿಸಿ ಇಟ್ಟು ದೂರ ನಿಂತು ನೋಡಿದ್ದಳು. ಆಮೇಲೆ ಅವನ ಅಮ್ಮ ಬಂದರು, ಕೆಪಂಜೆನ್ ಕಡೆಯ ಹಳ್ಳಿಯವರು, ಬು ತುಮಿನಿ, ಬಾಳೆಹಣ್ಣಿನ ಚಿಪ್ಸು ಡಬ್ಬಿ ತುಂಬ, ಬಾಯಿ ತುಂಬ ಮಾತು, ನ್ದುಕ್ ಅಂತ ಕರೆದರು, ನಮ್ಮ ಹೆಣ್ಣುಮಗು ಅನ್ನುವ ಹಾಗೆ, ಹಾಗೆ ಕರೆಸಿಕೊಂಡು ಎಷ್ಟು ಕಾಲವಾಗಿತ್ತು, ಇವಳಿಗೆ ತಮಾಷೆ ಕೂಡ ಹೊಳೆಯಲಿಲ್ಲ. ಕೂತವರು ಚಹಾ ಕುಡಿಯುತ್ತ ತಲೆಯೆತ್ತಿ ಮೇಲೆ ನೋಡಿದರು, ನೋಡುತ್ತಲೇ ಇದ್ದರು, ನ್ದುಕ್, ಮೊಲೊ ಎಲ್ಲೈತೆ. ಇಲ್ಲ ಬು. ಅಂದ್ರೆ ಕಾಣ್ತಿಲ್ಲಾ. ಅಂದ್ರೆ ಇಲ್ಲ ಬು. ಲೋಟ ಕೆಳಗಿಟ್ಟರು. ನನ್ ಮಗ ತಲೆಯಿಲ್ದಿರೋ ಮಾಡಿನ ಕೆಳಗೆ ಮಲಗೋದಾ, ಇವ್ರಪ್ಪ ಹೋದ್ಮ್ಯಾಗೆ ಇವನೊಬ್ನೇ ನಂಗಿರಾದು, ನಂಗೇನೂ ಬ್ಯಾಡ ತಾಯಿ, ಚಿನ್ನ ಬ್ಯಾಡ ಬಟ್ಟೆ ಬ್ಯಾಡ, ಒಂದ್ ಮೊಲೊ ಇಡ್ಸು, ಮಾರನೇ ದಿನಕ್ಕೇ ತಟ್ಟೆ ತಗಂಡ್ ಬತ್ತೀನಿ. ಕೆಟ್ಟವರಲ್ಲ, ಅದೇ ಕಷ್ಟ, ಖಳನಾಯಕಿ ಆಗಿದ್ದರೆ ಹುಬ್ಬು ಹಾರಿಸಿ ನಾಲ್ಕು ಡೈಲಾಗು ಬಿಸಾಕಬಹುದಿತ್ತು, ಇವರು ಹೋಗುವಾಗ ಇವಳ ಗಲ್ಲ ಹಿಡಿದು ಎಷ್ಟ್ ಬಡವಾಗಿದೀಯಾ ಅಂದರು. ಪಂಜಿ ಹೊರಗೆ ಬೈಕಿನ ಹತ್ತಿರ ಹೇಳಿದ, ಒಂದು ಮರ ತಾನೇ ವೆನಿಂಗ್, ಇಟ್ಬಿಡೋಣ, ಮಾಡು ಮಾಡೇ ಆಗಿರುತ್ತೆ, ಗೋಡೆ ವಾಲಿರೋದು ವಾಲಿರ್ಲಿ, ಜನ ಮಿರಿಂಗ್ ಅಂತಾನೇ ಕರೀತಾರೆ. ಹೂಂ ಸಾಮ್. ನಿಜವಾಗ್ಲೂ ಹೂಂ ತಾನೇ. ಹೂಂ ಅಂದ್ರೆ ಹೂಂ, ಬೇಕಾದ್ರೆ ಪೊಲೀಸಿನವನ ಧ್ವನೀಲಿ ಹೇಳ್ಲಾ. ಅವನು ನಕ್ಕ, ಇವಳು ನಕ್ಕಳು, ಅಲ್ಲಿಗೆ ಮುಗಿಯಿತು, ಅಷ್ಟು ಸುಲಭವಾಗಿ ಮುಗಿದುಹೋಯಿತು, ಒಂದು ಬೇಡ ಅನ್ನುವ ಮಾತು ಒಂದು ಜೋಕಿನ ಕೆಳಗೆ ಹೇಗೆ ಸಿಕ್ಕಿಕೊಂಡು ಸಾಯುತ್ತದೆ ಅಂತ ಅವಳಿಗೆ ಆವತ್ತೇ ಗೊತ್ತಾಗಿತ್ತು.

ಬಿಸಿಲು ಏರುತ್ತಿದೆ, ಸಂದಿನಿಂದ ಇಳಿದು ಆಗಲೇ ಪಶ್ಚಿಮದ ಗೋಡೆಯ ಬುಡದಲ್ಲಿದೆ, ಮಧ್ಯಾಹ್ನದ ಹೊತ್ತಿಗೆ ನೆಲದ ನಡುವೆ ಬರುತ್ತದೆ, ಈ ತಿಂಗಳಲ್ಲಿ ಹಾಗೇ, ಮಲಾಂಗ್‌ನ ಚಳಿಗಾಲದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಅವನೂ ಮಿರಿಂಗ್, ಉದ್ದಕ್ಕೆ ಒಂದೇ ಒಂದು ಪಟ್ಟಿ ಬೆಳಕು, ಉಳಿದ ಮನೆಯೆಲ್ಲ ತಣ್ಣಗೆ ನೆರಳು, ಆ ಪಟ್ಟಿಯಲ್ಲಿ ಅಮ್ಮ ಕೂರುತ್ತಿದ್ದಳು, ಬಿಸಿನೀರಿನಲ್ಲಿ ತಲೆಗೆ ಸ್ನಾನ ಮಾಡಿ ಬಂದು, ಕತ್ತು ಬಗ್ಗಿಸಿ, ಕೂದಲನ್ನೆಲ್ಲ ಮುಂದಕ್ಕೆ ಚೆಲ್ಲಿಕೊಂಡು, ನೆಲ ಮುಟ್ಟುವ ಕೂದಲು, ಅದರಿಂದ ಹಬೆ ಏಳುತ್ತಿತ್ತು, ತೆಳ್ಳಗೆ ಬೆಳ್ಳಗೆ ಆ ಬೆಳಕಿನಲ್ಲಿ ಮೇಲೇರಿ ಸಂದಿನ ಹತ್ತಿರ ಹೋಗಿ ಕಾಣೆಯಾಗುವುದು, ಪಟ್ಟಿ ಸರಿದರೆ ಅಮ್ಮನೂ ಚಾಪೆ ಸರಿಸುವಳು, ಮಾತಿಲ್ಲ — ಇದು ಯಾಕೆ ಈಗ, ಮೋದಿನ್ ಸಾಹೇಬರು ಪ್ರಾರ್ಥನೆಯಲ್ಲಿ ಸತ್ತವರ ಹೆಸರು ಸೇರಿಸುತ್ತಿದ್ದಾರೆ, ವೊಂಗ್ಸೊ ಅಂದರು, ರುಕ್ಮಿ ಅಂದರು, ಅದಕ್ಕೇ ಇರಬೇಕು, ರುಕ್ಮಿ ಅಂದರೆ ಅಮ್ಮ, ಯಾರದೋ ಬಾಯಲ್ಲಿ ಆ ಹೆಸರು ಸರ್ಕಾರಿ ಹೆಸರಿನ ಹಾಗೆ ಕೇಳುತ್ತದೆ. ನಗಬಾರದು ಅಂದಿದ್ದಾರೆ, ಅಳಬಾರದು ಅಂತ ಯಾರೂ ಹೇಳಿಲ್ಲ, ಆದರೆ ಅಳು ಕೂಡ ಬರುತ್ತಿಲ್ಲ, ಬರುವುದು ಹಬೆ ಮಾತ್ರ, ಕೂದಲು, ಹಬೆ. ಬೇರೆ ಏನಾದರೂ ಯೋಚಿಸು. ಬೆಳಿಗ್ಗೆಯದು ಯೋಚಿಸು. ಅದೂ ಬೇಡ, ಆದರೆ ಎದುರಿಗೇ ಕೂತಿದ್ದಾರಲ್ಲ ಬು ತುಮಿನಿ, ತೊಲೆಯ ಆಚೆ ಬದಿಗೆ, ಹಸಿರು ರೇಷ್ಮೆ ಕುಪ್ಪಸ, ಅಂಗೈ ಮೇಲೆತ್ತಿ ತುಟಿ ಅಲ್ಲಾಡಿಸುತ್ತಿದ್ದಾರೆ, ಕಣ್ಣು ಮಾತ್ರ ಮುಚ್ಚಿಲ್ಲ, ಇವಳನ್ನೇ ನೋಡುತ್ತಿವೆ, ಓಡಿಹೋಗಲು ದಾರಿ ಹುಡುಕುವ ಕಣ್ಣು. ಬೆಳಿಗ್ಗೆ ಪಾಕ್ ಗಿಮಿನ್ ತೊಲೆಯನ್ನು ಮಣೆಗಳ ಮೇಲಿಟ್ಟು ಎಲ್ಲರಿಗೂ ಕೇಳುವ ಹಾಗೆ ಕೂಗಿದ್ದರು, ಯಾರೂ ದಾಟಬಾರದು ನೋಡ್ರಪ್ಪ, ಸುತ್ತಿ ಬನ್ನಿ ಸುತ್ತಿ ಹೋಗಿ, ಯಾರಾದ್ರೂ ಮೊಲೊ ದಾಟಿದ್ರೆ ಅದು ಹೋಯ್ತು, ಸೌದೆಗೂ ಬರಲ್ಲ, ಮತ್ತೆ ಮರ ಹುಡುಕಿ ಮತ್ತೆ ಕೆತ್ತಿ ಮತ್ತೆ ದಿನ ನೋಡ್ಬೇಕು, ದಾಟಿದವ್ರ ಮನೆಗೂ ಒಳ್ಳೇದಾಗಲ್ಲ. ಬು ತುಮಿನಿ ಎಲ್ಲರಿಗಿಂತ ಜೋರಾಗಿ ಹೂಂಗುಟ್ಟಿದ್ದರು, ಬೆಕ್ಕನ್ನು ಕೋಲು ಹಿಡಿದು ಅಟ್ಟಿದ್ದರು, ನೆರೆಯ ಮಗುವನ್ನು ತೋಳು ಹಿಡಿದು ಎಳೆದಿದ್ದರು, ಕಾವಲುಗಾರ್ತಿ ಅಂದರೆ ಕಾವಲುಗಾರ್ತಿ. ಆಮೇಲೆ ಆಳುಗಳು ಚಹಾಕ್ಕೆ ಹೊರಗೆ ಹೋದರು, ಪಂಜಿ ಕುರ್ಚಿ ತರಲು ಹೋದ, ಅಡುಗೆಮನೆಯಲ್ಲಿ ತೆಂಗಿನಹಾಲು ಉಕ್ಕಿ ಒಲೆಗೆ ಬಿದ್ದ ಚರ್ ಅನ್ನುವ ಸದ್ದು, ಜಗಲಿಯಲ್ಲಿದ್ದ ಬು ತುಮಿನಿ ಅಯ್ಯಯ್ಯೋ ನನ್ ಹಾಲೂ ಅಂತ ಸೀರೆಯಂತೆ ಸುತ್ತಿದ ಜಾರಿತ್ ಮೊಣಕಾಲಿಗೆ ಎತ್ತಿಕೊಂಡು ಓಡಿದರು, ನಡುಮನೆಯ ಅಡ್ಡಕ್ಕೆ ಮಲಗಿದ್ದ ತೊಲೆಯನ್ನು ಒಂದೇ ಹೆಜ್ಜೆಗೆ, ಬಲಗಾಲು ಮೊದಲು, ದಾಟಿದರು. ದಾಟಿ ನಿಂತರು. ಹಿಂತಿರುಗಿ ತೊಲೆ ನೋಡಿದರು. ತಲೆಯೆತ್ತಿದರೆ ಕೋಣೆಯ ಬಾಗಿಲಲ್ಲಿ ಜಡೆ ಹೆಣೆಯುತ್ತ ನಿಂತ ವೆನಿಂಗ್. ಹಾಲು ಉಕ್ಕುತ್ತಲೇ ಇತ್ತು. ನ್ದುಕ್, ಬದೀಗೆ ಬಂದೆ ನಾನು, ಬದೀಗೆ, ಅಲ್ವಾ. ಜೀವಮಾನದಲ್ಲಿ ಮೊದಲ ಸಲ ಇವಳ ಬಾಯಿಗೆ ಯಾರ ಮಾತೂ ಬರಲಿಲ್ಲ, ಹಾಲು ಬು, ಅಂದಳು ಅಷ್ಟೆ.

ಎಂಥ ತಿರುವು ಅಲ್ವಾ, ಕಥೆ ಬರೆಯುವವನು ಆ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು, ಗುಂಡು ತುಂಬಿದ ಕೋವಿ ತಾನಾಗಿ ಬಂದು ಕೈಗೆ ಕೂತಿದೆ, ಈಗ ಬಾಯಿ ಬಿಟ್ಟರೆ ಸಾಕು, ಪಾಕ್ ಗಿಮಿನ್, ಒಂದ್ನಿಮಿಷ, ಈ ಮೊಲೊ ದಾಟಿದ್ದಾರೆ, ಯಾರು ಗೊತ್ತಾ — ಕ್ಯಾಮೆರಾ ಹಸಿರು ಕುಪ್ಪಸದ ಕಡೆ, ಢಂ ಅಂತ ಸದ್ದು, ತೊಲೆ ಹೊರಗೆ, ಸಂದು ಸಂದಾಗೇ ಉಳಿಯುತ್ತದೆ, ಪಂಜಿಯೂ ಉಳಿಯುತ್ತಾನೆ, ಯಾಕಂದರೆ ತಪ್ಪು ಇವಳದಲ್ಲ, ಮುಂದಿನ ಮರ, ಮುಂದಿನ ದಿನ, ಅದಕ್ಕೊಂದು ಬೆಕ್ಕು ದಾಟಿಸಿದರಾಯಿತು, ಹೀಗೇ ವರ್ಷ ತಳ್ಳಬಹುದು, ಬೇಡ ಅನ್ನದೆಯೇ ಬೇಡ ಆಗಿಸಬಹುದು, ಇವಳಿಗೆ ಹೇಳಿ ಮಾಡಿಸಿದ ಆಟ. ಆ ಹೆಂಗಸು ಮಾತ್ರ ಈ ನೆರೆಹೊರೆಯ ಮುಂದೆ, ತನ್ನ ಮಗನ ಮುಂದೆ, ತನ್ನ ಕಾಲಿನಿಂದಲೇ ಮಗನ ಮನೆಯ ನೆತ್ತಿ ಕೆಡಿಸಿದವಳಾಗಿ ಊರಿಗೆ ಹೋಗಬೇಕು, ಮಗನಿಗೆ ಜ್ವರ ಬಂದರೂ ಆ ಕಾಲು, ಬೈಕ್ ಜಾರಿದರೂ ಆ ಕಾಲು. ನೋಡು ಹೇಗೆ ನೋಡುತ್ತಿದ್ದಾರೆ, ಬೇಡ ಅಂತಲೂ ಕೇಳುತ್ತಿಲ್ಲ, ಹೇಳಿಬಿಡು ಅನ್ನುವ ಹಾಗೂ ಇದೆ, ಹೇಳದೆ ಏರಿಸಿದರೆ ಕೆಟ್ಟ ಮೊಲೊದ ಕೆಳಗೆ ತನ್ನ ಮಗ ಮಲಗುತ್ತಾನೆ ಅನ್ನುವುದು ಅವರಿಗೂ ಗೊತ್ತು, ಪಾಪ, ಬಾಯಿ ಬಿಡಲು ಅವರಿಗೂ ಆಗುತ್ತಿಲ್ಲ, ಇಬ್ಬರೂ ಒಂದೇ ತೊಲೆಯ ಎರಡು ಬದಿಗೆ ಒಂದೇ ರೋಗದವರು. ಆಮೀನ್, ಅಂದರು ಎಲ್ಲರೂ, ಅಂಗೈಗಳು ಮುಖ ಸವರಿ ಇಳಿದವು, ಮೇಲೆ ಹಗ್ಗ ಬಿಗಿಯಾದದ್ದು ಕೇಳಿಸಿತು, ಕಿರ್ ಅಂತ, ಪಾಕ್ ಗಿಮಿನ್ ಟೋಪಿ ಸರಿಮಾಡಿಕೊಂಡು, ನಮ್ಮಪ್ಪ ಅವತ್ತು ಬರಿಗೈಲಿ ಇಳಿದ ಏಣಿ ಇದು, ಇವತ್ತು ನಾನು ಏರಿಸ್ತೀನಿ, ಹೇಳಮ್ಮ ವೆನಿಂಗ್. ಹೇಳಮ್ಮ. ಹೇಳೇ, ಅಂದರು ಬು ಲಸ್ಮಿ ಬಾಗಿಲಿನಿಂದ, ಊರಿಗೆಲ್ಲ ತೋಫು ಮಾರ್ತೀಯಾ, ಒಂದ್ ಮಾತು ಹೇಳೋಕೆ ಇಷ್ಟೊತ್ತಾ. ಬೆಳಕಿನಲ್ಲಿ ದೂಳು, ದೂಳಲ್ಲ ಅದು ಹಬೆ, ಅಮ್ಮ ಕತ್ತು ಬಗ್ಗಿಸಿ ಕೂತಿದ್ದಾಳೆ, ಇವತ್ತು ಮುಚ್ಚಿದರೆ ಆ ಹಬೆ ಎಲ್ಲಿಂದ ಹೋಗುತ್ತದೆ, ಬಾಯಿ ತೆರೆದಳು, ಬು ತುಮಿನಿಯ ಮುಖ ಬೂದಿಯಾಯಿತು, ಬೇಡ, ಅಂದಿತು ಬಾಯಿ. ಯಾರ ಧ್ವನಿ ಅದು, ಸಣ್ಣಗೆ, ಒಡೆದದ್ದು, ಯಾವ ಗೋಡೆಯ ಆಚೆಯಿಂದಲೂ ಬಂದದ್ದಲ್ಲ. ಏನಂದೆ. ಬೇಡ ಪಾಕ್, ಇಳಿಸ್ಬಿಡಿ, ಮರದಲ್ಲೇನೂ ತಪ್ಪಿಲ್ಲ, ಯಾರದ್ದೂ ತಪ್ಪಿಲ್ಲ, ನನಗೇ ಬೇಡ, ಮಾಡು ಹೀಗೇ ಇರ್ಲಿ. ತಮಾಷೆ ಮಾಡ್ಬೇಡ ವೆನಿಂಗ್, ಇದು ಪಂಜಿ. ತಮಾಷೆ ಅಲ್ಲ ಸಾಮ್. ಆವತ್ತು ಹೂಂ ಅಂದ್ಯಲ್ಲ. ಅಂದೆ, ಅದೇ ತಮಾಷೆ ಆಗಿತ್ತು. ಯಾರೋ ಒಬ್ಬರು ನಕ್ಕರು, ಬೇರೆ ಯಾರೂ ನಗದೇ ಇದ್ದದ್ದರಿಂದ ನಿಲ್ಲಿಸಿದರು.

ಊಟ ಮಾತ್ರ ನಡೆಯಿತು, ಪ್ರಾರ್ಥನೆ ಆದ ಅನ್ನವನ್ನು ಹಾಗೇ ಬಿಡುವ ಹಾಗಿಲ್ಲ, ಬಾಳೆಲೆ ಹರಿದು ಹರಿದು ಹಂಚಿದರು, ತಿಂದರು, ಉಳಿದದ್ದನ್ನು ಪೊಟ್ಟಣ ಕಟ್ಟಿಕೊಂಡರು, ಬು ಲಸ್ಮಿ ಕೋಳಿಯ ತೊಡೆ ಒಂದನ್ನು ಇವಳ ಎಲೆಗೆ ಹಾಕಿ ದೆವ್ವದಂಥದ್ದೇ ನೀನು ಅಂತ ಮೆಲ್ಲಗೆ ಬೈದು ಹೋದರು, ಪಾಕ್ ಗಿಮಿನ್ ಕೆಂಪು ಬಿಳಿ ಬಟ್ಟೆ ಬಿಚ್ಚಿ ಮಡಿಸಿದರು, ತುಂಬ ಹೊತ್ತು ಮಡಿಸಿದರು, ತೊಲೆಯನ್ನು ಆಳುಗಳು ಸುತ್ತು ಬಳಸಿ, ಇನ್ನೂ ದಾಟದೆ, ಹೊತ್ತುಕೊಂಡು ಗಾಡಿಗೆ ಹಾಕಿದರು. ಬು ತುಮಿನಿ ಹೊರಡುವಾಗ ಬಂದು ಎದುರು ಕೂತರು, ಪೊಟ್ಟಣ ಕೈಗಿಟ್ಟರು, ಕೈ ಬಿಡಲಿಲ್ಲ, ನೀ ಹೇಳ್ಬೌದಿತ್ತು ನ್ದುಕ್. ಏನನ್ನ ಬು. ಅವರು ನೆಲ ನೋಡಿದರು. ಈ ಮನೇಲೇ ಇರೋಳು ನೀನು, ನಮ್ಮನೇಗೆ ಬಂದ್ಬಿಡು ಅಂದ್ರೆ ಬರಾಕಿಲ್ಲ ಅಲ್ವಾ. ಇವಳು ಇಲ್ಲ ಅಂತ ತಲೆಯಾಡಿಸಿದಳು. ತಿನ್ನು, ಆರೋಗ್ತದೆ, ಅಂದು ಎದ್ದರು, ಅವರ ಕಾಲು ಇನ್ನೂ ಹೆದರಿಕೊಂಡೇ ನಡೆಯುತ್ತಿತ್ತು. ಪಂಜಿ ಬೈಕ್ ಒದ್ದು ಶುರುಮಾಡಿದವನು ಇಳಿದು ಮತ್ತೆ ಒಳಗೆ ಬಂದ, ಬಂದವನು ಬಾಗಿಲಲ್ಲೇ ನಿಂತ, ಅಂಗಿಯ ಇಸ್ತ್ರಿ ಹೋಗಿತ್ತು, ನಾನು ಅಷ್ಟು ಸಲ ಬಂದೆ ವೆನಿಂಗ್, ಆ ಧ್ವನಿ ಒಂದ್ಸಲಾನೂ ಕೇಳಿಸ್ಲಿಲ್ವಲ್ಲ ನೀನು. ಎಷ್ಟು ನಿಜ. ಅಮ್ಮನ್ನ ಊರಿಗೆ ಬಿಟ್ಟು ಬರ್ತೀನಿ ಅಂದ, ಯಾವಾಗ ಅಂತ ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ, ಬೈಕಿನ ಸದ್ದು ಸೋತೊ ಗಾಡಿ ದಾಟಿತು, ಮಸೀದಿ ತಿರುವು ದಾಟಿತು, ದೊಡ್ಡ ರಸ್ತೆಯ ಸದ್ದಿನೊಳಗೆ ಸೇರಿಹೋಯಿತು, ಎಷ್ಟು ದೂರದವರೆಗೆ ಕೇಳುತ್ತದೆ ಈ ಮನೆಯಲ್ಲಿ, ಎಲ್ಲ ಮೇಲಿನಿಂದ ಬರುತ್ತದೆ. ಬಾಗಿಲಲ್ಲಿ ಒಂದೇ ಜೊತೆ ಚಪ್ಪಲಿ. ಇನ್ನು ಚಾಪೆಯಿಂದ ಏಳಬಹುದು, ತಡೆಯುವವರಿಲ್ಲ, ಏಳಲಿಲ್ಲ, ಬೆಳಕಿನ ಪಟ್ಟಿ ಗೋಡೆ ಬಿಟ್ಟು ಇಳಿದು, ತೊಲೆ ಮಲಗಿದ್ದ ಜಾಗ ದಾಟಿ, ಉದುರಿದ ಭತ್ತದ ಕಾಳು ದಾಟಿ ಅವಳ ಮೊಣಕಾಲಿನ ಹತ್ತಿರ ಬಂದಿದೆ, ಹಸಿರು ಚೂರುಗಳು ಹೊತ್ತಿಕೊಂಡಿವೆ, ಅದರ ನಡುವೆ ಅಮ್ಮ, ಕತ್ತು ಬಗ್ಗಿಸಿ, ಕೂದಲನ್ನೆಲ್ಲ ಮುಂದಕ್ಕೆ ಚೆಲ್ಲಿಕೊಂಡು, ಮುಖ ಕಾಣುವುದಿಲ್ಲ, ಯಾವಾಗ ನೆನೆದರೂ ಇಷ್ಟೇ ಬರುತ್ತದೆ, ಮುಖ ಬರುವುದಿಲ್ಲ, ಅಮ್ಮ ನೋಡು ಉಳಿಸ್ದೆ, ಒಂದ್ಸಲ ಕೂದಲು ಹಿಂದಕ್ಕೆ ಹಾಕು, ಒಂದೇ ಸಲ, ಬಗ್ಗಿದ ಕತ್ತು, ನೆಲ ಮುಟ್ಟುವ ಒದ್ದೆ ಕೂದಲು, ಹಬೆ, ಮೇಲಕ್ಕೆ ಮೇಲಕ್ಕೆ, ಒದ್ದೆ ಕೂದಲು, ಹಬೆ —